ಮೇಜಿನ ಈಚೆ ಕುಳಿತವರಿಗೆ

ಹೋದ ವರ್ಷ ನಮ್ಮಲ್ಲಿ ‘ಸಂಶೋಧನೆಯಲ್ಲಿ ಸಮಾನತೆ’ ಎಂದು ಒಂದು ದಿನದ ತರಬೇತಿ ನಡೆಯಿತು. ರಂಗೋಲಿ ಬಿಟ್ಟವರು, ಪ್ರಾರ್ಥನೆ ಹಾಡಿದವರು, ಹೂಗುಚ್ಛ ಹಿಡಿದು ನಿಂತವರು ಎಲ್ಲ ಪಿಎಚ್‌ಡಿ ಮಾಡುತ್ತಿರುವ ಹೆಣ್ಣುಮಕ್ಕಳು. ಭಾಷಣ ಬಿಗಿದವರು ನಾಲ್ಕು ಜನ ಗಂಡಸರು. ಅವರಲ್ಲಿ ನಾನೂ ಒಬ್ಬ. ಟೀ ಬಂದಾಗ, ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳಲು ಬಂದ ಸ್ಕಾಲರ್‌ಗೆ ‘ಸ್ವಲ್ಪ ಸಕ್ಕರೆ ತಾರಮ್ಮ’ ಎಂದವನೂ ನಾನೇ. ಆಕೆ ತಂದುಕೊಟ್ಟಳು. ಪ್ರಶ್ನೆ ಕೇಳಲಿಲ್ಲ. ಸಂಜೆ ನನಗೆ ಸರ್ಟಿಫಿಕೇಟ್ ಸಿಕ್ಕಿತು.

ಈ ಚಾಳಿ ಹಳೆಯದು. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಸಂಶೋಧನೆ ಮಾಡಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂದು ಬೇಡವೆಂದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಸಿಕ್ಕಿದ್ದು ಷರತ್ತಿನ ಪ್ರವೇಶ: ಒಂದು ವರ್ಷ ಪ್ರೊಬೇಷನ್, ಗಂಡು ಸಂಶೋಧಕರ ಗಮನ ಕೆಡಿಸಬಾರದು. 1939ರಲ್ಲಿ ಆಕೆ ಕೇಂಬ್ರಿಜ್‌ನ ಪಿಎಚ್‌ಡಿ ಪಡೆದರು.

ರಾಮನ್‌ರನ್ನು ಬೈಯುವುದು ಸುಲಭ. ಗೈಡ್‌ಗಳಾದ ನಾವು ನಮ್ಮ ಷರತ್ತುಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿಗೆ 240 ದಿನದವರೆಗೆ ಹೆರಿಗೆ ರಜೆ ಇದೆ. ಅರ್ಜಿ ಹಿಡಿದು ಬಂದವಳ ಮುಂದೆ ನಾವು ಬಿಡುವ ನಿಟ್ಟುಸಿರಿಗೆ ನಿಯಮ ಎಲ್ಲಿದೆ? ‘ಯಾವೂರು? ಅಪ್ಪ ಏನ್ ಮಾಡ್ತಾರೆ? ನೀವು ಯಾವ ಪೈಕಿ?’ ಜಾತಿ ಕೈಗೆ ಸಿಗುವತನಕ ಮುಗಿಯದ ಕುಶಲೋಪರಿ ನಮ್ಮದು. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಸೆಮಿನಾರಿನಲ್ಲಿ ಇಂಗ್ಲಿಷ್ ಮಾತಾಡುತ್ತ ತಡವರಿಸಿದರೆ ಮುಂದಿನ ಸಾಲಿನಲ್ಲಿ ಮುಸಿಮುಸಿ ನಗು.

ಇನ್ನು ಸಹಿ. ಫೆಲೋಶಿಪ್ ಬಿಲ್ಲಿಗೆ, ಪ್ರಗತಿ ವರದಿಗೆ, ರಜೆಗೆ, ಎಲ್ಲಕ್ಕೂ ಗೈಡ್ ಸಹಿ. ‘ನಾಳೆ ಬಾ’ ಎಂಬ ಎರಡು ಪದದಲ್ಲಿ ಒಬ್ಬರ ಮೆಸ್ ಬಿಲ್ಲು, ಊರಿಗೆ ಕಳಿಸಬೇಕಾದ ಹಣ ಎರಡೂ ನಿಂತುಹೋಗುತ್ತವೆ. ಹೈದರಾಬಾದಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿ 17ರಂದು ಸಾಯುವ ಮುನ್ನ ಬರೆದಿಟ್ಟ ಕೊನೆಯ ಪತ್ರದಲ್ಲೂ ಒಂದು ಲೆಕ್ಕವಿತ್ತು: ಬರಬೇಕಾದ ಏಳು ತಿಂಗಳ ಫೆಲೋಶಿಪ್, 1.75 ಲಕ್ಷ ರೂಪಾಯಿ. ಅದನ್ನು ಮನೆಯವರಿಗೆ ಕೊಡಿಸಿ ಎಂದು ಕೇಳಿಕೊಂಡಿದ್ದರು. ಆ ಸಾಲನ್ನು ಓದಿದ ಮೇಲೂ ‘ನಾಳೆ ಬಾ’ ಎನ್ನಲು ನಮ್ಮ ನಾಲಿಗೆ ಹೇಗೆ ಹೊರಳುತ್ತದೆ?

ಗೆಳೆಯರೇ, ತರಬೇತಿ ಬೇಕು. ಆದರೆ ಹಾಜರಿಗೆ ಸಹಿ ಹಾಕಿ ಹಿಂಬಾಗಿಲಿನಿಂದ ಜಾರುವ ತರಬೇತಿ ಸಾಕು. ಮುಂದಿನ ಸಲ ವೇದಿಕೆಯನ್ನು ಸ್ಕಾಲರ್‌ಗಳಿಗೆ ಬಿಡೋಣ. ನಾವು ಕೆಳಗೆ ಕೂರೋಣ, ಎದುರುತ್ತರ ಕೊಡದೆ ಕೇಳೋಣ. ಟೀ ನಾವೇ ಹಂಚೋಣ. ಅದಕ್ಕೂ ಮೊದಲು, ನಿಮ್ಮ ಮೇಜಿನ ಮೇಲೆ ಫೈಲಿನಡಿ ಸಿಕ್ಕಿಕೊಂಡಿರುವ ಆ ಬಿಲ್ಲನ್ನು ಹುಡುಕಿ. ಇವತ್ತೇ ಸಹಿ ಹಾಕಿ. ನಾನೂ ಹುಡುಕಿದೆ, ನನ್ನಲ್ಲಿ ಮೂರು ಸಿಕ್ಕಿದವು.