ಬಣ್ಣ ಬಯಲಾಗೋಕೆ ಒಂದು ಬೇಸಿಗೆ ಸಾಕು

"ಫುಲ್ ಬಾಡಿ ಪೇಂಟಿಂಗ್, ನಾಲ್ಕೇ ದಿನದಲ್ಲಿ" ಅನ್ನೋ ಬೋರ್ಡು ಕಂಡಾಗೆಲ್ಲ ನನಗೆ ಮೈ ಉರಿಯುತ್ತೆ. ಹಳೇ ಕಾರಿಗೆ, ಅದರಲ್ಲೂ ಫೈಬರ್ ಮೈಯ ಹಳೇ ಕಾರಿಗೆ, ನಾಲ್ಕು ದಿನದಲ್ಲಿ ಬಣ್ಣ ಹೊಡೆಯಬಹುದು. ಆದರೆ ಹೊಡೆದ ಬಣ್ಣ ನಿಲ್ಲೋದಿಲ್ಲ. ಹೀಗಂದ್ರೆ "ಹಳೇ ಡಬ್ಬಾಗೆ ಇಷ್ಟೊಂದು ತಲೆ ಕೆಡಿಸ್ಕೋತೀರಲ್ಲ ಸಾರ್" ಅಂತ ನಗೋರೇ ಜಾಸ್ತಿ. ಆ ನಗುವಿಗೆ ಉತ್ತರವಾಗಿ ಇದನ್ನು ಬರೀತಿದ್ದೀನಿ.

ಯಾವ ಡಬ್ಬಾ ಅಂತೀರಾ? ಡಾಲ್ಫಿನ್. ಈಗಿನ ಹುಡುಗರಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ. 1982ರಲ್ಲಿ ನಮ್ಮ ಬೆಂಗಳೂರಿನ ಸನ್‌ರೈಸ್ ಕಂಪನಿ (ಆಮೇಲೆ ಸಿಪಾನಿ ಅಂತಾಯ್ತು) ರಸ್ತೆಗಿಳಿಸಿದ ಕಾರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿಸಿ ಇಂಜಿನ್, ಎರಡೇ ಬಾಗಿಲು, ತಗಡಿನ ಬದಲು ಫೈಬರ್‌ಗ್ಲಾಸ್ ಮೈ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮಾರುಕಟ್ಟೆಯಲ್ಲಿ ಇದು ಸೋತಿತು, ನಿಜ. ಆದರೆ ಮೈ ಹಗುರ ಇದ್ದದ್ದರಿಂದ ರ‍್ಯಾಲಿ ಓಡಿಸೋರಿಗೆ ಅಚ್ಚುಮೆಚ್ಚಾಗಿತ್ತು. ಫೆರಾರಿ, ಪೋರ್ಷೆ ಎಲ್ಲ ಪೋಸ್ಟರಿನಲ್ಲಿದ್ದ ಕಾಲದಲ್ಲಿ ನಮ್ಮ ಪಾಲಿನ ಸ್ಪೋರ್ಟ್ಸ್ ಕಾರು ಇದೇ. ಮುಂದೆ ಬಂದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್‌ಗೂ ಫೈಬರ್ ಮೈಯೇ. ಅದನ್ನು ಇಟ್ಟುಕೊಂಡಿರೋರಿಗೂ ಇಲ್ಲಿ ಹೇಳೋದೆಲ್ಲ ಅನ್ವಯಿಸುತ್ತೆ.

ಶ್ರವಣಬೆಳಗೊಳದಲ್ಲಿರುವ ನಮ್ಮ ಸೋದರಮಾವನ ಹತ್ತಿರ ಒಂದು ಕೆಂಪು ಡಾಲ್ಫಿನ್ ಇದೆ. ಹೋದ ಮಳೆಗಾಲದಲ್ಲಿ ಜಿಲ್ಲೆಯ ಒಂದು ಗ್ಯಾರೇಜಿಗೆ ಬಿಟ್ಟರು (ಹೆಸರು ಬೇಡ). ಹೇಳಿದ್ದು ನಾಲ್ಕು ದಿನ, ಐದನೇ ದಿನಕ್ಕೆ ಬಂತು. ಕನ್ನಡಿ ಥರ ಹೊಳೀತಿತ್ತು, ಬೀದಿಯವರೆಲ್ಲ ಬಂದು ನೋಡಿದ್ದೂ ಆಯ್ತು. ಯುಗಾದಿ ಹೊತ್ತಿಗೆ ಬಾನೆಟ್ ತುಂಬ ಜೇಡರ ಬಲೆ ಥರ ಬಿರುಕು, ಬಾಗಿಲ ಅಂಚಿನಲ್ಲಿ ಗುಳ್ಳೆ. ಕೇಳಿದರೆ "ಬಿಸಿಲಲ್ಲಿ ನಿಲ್ಲಿಸಿದ್ದೀರಿ" ಅಂದರು. ಕಾರನ್ನು ಬಿಸಿಲಲ್ಲಿ ನಿಲ್ಲಿಸದೆ ದೇವರ ಮನೇಲಿ ನಿಲ್ಲಿಸಬೇಕಿತ್ತಾ?

ಬಿಸಿಲಿನ ಮೇಲೆ ಹಾಕೋದು ಬರೀ ಸಬೂಬು. ಫೈಬರ್ ಮೈಯ ಮೇಲ್ಪದರಕ್ಕೆ ಜೆಲ್‌ಕೋಟ್ ಅಂತಾರೆ. ನಲವತ್ತು ವರ್ಷದಲ್ಲಿ ಅದು ಪೆಡಸಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತೆ. ಒಂದೊಂದು ಬಿರುಕನ್ನೂ ಕೊರೆದು ಬಿಡಿಸಿ, ಬೇಕಾದ ಕಡೆ ಗ್ಲಾಸ್ ಮ್ಯಾಟ್ ಇಟ್ಟು, ರೆಸಿನ್ ತುಂಬಿ, ಒಣಗಿದ ಮೇಲೆ ಉಜ್ಜಬೇಕು. ಅದರ ಮೇಲೆ ಸುಮ್ಮನೆ ಪುಟ್ಟಿ ಬಳಿದರೆ, ಗಾಡಿ ಅಲುಗಾಡಿದ ಹಾಗೆ ಒಳಗಿನ ಬಿರುಕು ಮತ್ತೆ ಮೇಲಕ್ಕೆ ಬರುತ್ತೆ. ಹಳೇ ಬಣ್ಣ ಬೇಗ ತೆಗೆಯೋಕೆ ತಗಡಿಗೆ ಬಳಿಯುವ ಪೇಂಟ್ ರಿಮೂವರನ್ನೇ ಇಲ್ಲೂ ಬಳಿದರೆ ಅದು ಬಣ್ಣದ ಜೊತೆ ರೆಸಿನ್ನನ್ನೂ ತಿನ್ನುತ್ತೆ. ಕೈಯಲ್ಲೇ ಉಜ್ಜಿ ತೆಗೀಬೇಕು. ಒಳಗೆ ಸಿಕ್ಕಿಕೊಂಡ ಗಾಳಿ, ತೇವ, ಥಿನ್ನರ್ ಪೂರ್ತಿ ಹೊರಗೆ ಹೋಗದೆ ಹೀಟರ್ ಇಟ್ಟು ಒಣಗಿಸಿದರೆ ಗುಳ್ಳೆ ಬರದೆ ಇನ್ನೇನು ಬರುತ್ತೆ?

ಪುಟ್ಟಿ ಉಜ್ಜೋಕೆ 80, 120ರ ಪೇಪರ್, ಪ್ರೈಮರಿಗೆ 320, 400, ಬಣ್ಣಕ್ಕೆ ಮುಂಚೆ 600, 800ರ ವಾಟರ್ ಪೇಪರ್. ನಡುನಡುವೆ ಒಣಗೋಕೆ ಬಿಡಬೇಕು. ಬಣ್ಣದ ಗನ್ನು ಕೈಗೆ ತಗೊಳ್ಳೋ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರಬೇಕು. ಆ ಮುಕ್ಕಾಲು ಭಾಗ ಕೊನೆಗೆ ಯಾರ ಕಣ್ಣಿಗೂ ಕಾಣಲ್ಲ. ಕಾಣಲ್ಲ ಅಂತಲೇ ಎಲ್ಲರೂ ಅದನ್ನೇ ನುಂಗೋದು!

ಅವಸರದ ಇತಿಹಾಸವೂ ಸ್ವಾರಸ್ಯವಾಗಿದೆ. ನಮ್ಮಲ್ಲಿ ಕಾರಿನ ಬಣ್ಣಕ್ಕೆಲ್ಲ ಡ್ಯೂಕೊ ಅಂತಾರಲ್ಲ, ಅದು ಅಮೆರಿಕದ ಡ್ಯೂಪಾಂಟ್ ಕಂಪನಿಯ ಬ್ರ್ಯಾಂಡು. 1923ರಲ್ಲಿ ಜನರಲ್ ಮೋಟರ್ಸ್ ತನ್ನ ಓಕ್‌ಲ್ಯಾಂಡ್ ಕಾರಿಗೆ ಅದನ್ನು ಬಳಿಯಿತು. ಅಲ್ಲಿತನಕ ವಾರಗಟ್ಟಲೆ ಹಿಡೀತಿದ್ದ ಕೆಲಸ ಗಂಟೆಗಳ ಲೆಕ್ಕಕ್ಕೆ ಇಳೀತು. ಬೇಗ ಒಣಗೋ ಬಣ್ಣ ಬಂತು ಅಂತ ತಳದ ಕೆಲಸವೂ ಬೇಗ ಆಗುತ್ತೆ ಅಂತ ನಾವು ಅಂದುಕೊಂಡುಬಿಟ್ಟಿದ್ದೀವಿ. ಆ ಜಾತಿಯ ಎನ್‌ಸಿ ಬಣ್ಣವನ್ನು ಮಳೆಗಾಲದ ಥಂಡಿಯಲ್ಲಿ ಹೊಡೆದರೆ ಬೂದಿ ಬಳಿದ ಹಾಗೆ ಮಂಕಾಗುತ್ತೆ. ತಿಂಗಳುಗಳು ಕಳೆದ ಹಾಗೆ ಕುಗ್ಗಿ, ಕೆಳಗಿನ ಪೇಪರ್ ಗೀರೆಲ್ಲ ಎದ್ದು ಕಾಣುತ್ತೆ.

ಈಗ ಹೆಚ್ಚಾಗಿ ಬಳಸೋದು ಹಾರ್ಡ್‌ನರ್ ಬೆರೆಸುವ ಪಿಯು ಬಣ್ಣ. ಗಟ್ಟಿ, ಹೊಳಪೂ ಚೆನ್ನ. ಆದರೆ ಆ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತೆ. ಅದರ ಮಂಜು ಎದೆಗೆ ಹೋದರೆ ಅಸ್ತಮಾ ಬರುತ್ತೆ. ಒಮ್ಮೆ ಹತ್ತಿಕೊಂಡರೆ ಆಮೇಲೆ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತೆ. ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡ ಬೇಕು. ನಮ್ಮ ಪೇಂಟರ್ ಹುಡುಗರು ಏನು ಕಟ್ಟಿಕೊಂಡಿರ್ತಾರೆ? ಒಂದು ಒದ್ದೆ ಟವೆಲ್ಲು. ಚೌಕಾಸಿ ಮಾಡಿ ಎರಡು ಸಾವಿರ ಉಳಿಸಿದೆ ಅಂತ ಬೀಗುವ ಮಹಾಶಯರೇ, ಆ ಎರಡು ಸಾವಿರ ಎಲ್ಲಿಂದ ಉಳೀತು ಅಂತ ಒಮ್ಮೆಯಾದರೂ ಯೋಚಿಸಿದ್ದೀರಾ?

ಹಾಗಾಗಿ ನಾನು ಬೈಯೋದು ಗ್ಯಾರೇಜಿನವರನ್ನು ಮಾತ್ರ ಅಲ್ಲ. "ಎಷ್ಟು? ಯಾವಾಗ ಕೊಡ್ತೀರಾ?" ಇವೆರಡೇ ಪ್ರಶ್ನೆ ಕೇಳೋ ಗಿರಾಕಿಗೆ ಸಿಗೋದು ನಾಲ್ಕು ದಿನದ ಕೆಲಸವೇ. ಸರಿಯಾಗಿ ತಿಂಗಳು ಹಿಡಿಯುತ್ತೆ ಅನ್ನೋ ಪೇಂಟರನ್ನು ನಾವು ಸೋಮಾರಿ ಅಂತೀವಿ. ಅಂಥವನು ಅಂಗಡಿ ಮುಚ್ಚಿ ಹೋದ ಮೇಲೆ "ಈಗಿನ ಕಾಲದಲ್ಲಿ ಕೆಲಸ ಗೊತ್ತಿರೋರೇ ಇಲ್ಲ" ಅಂತ ಗೋಳಾಡ್ತೀವಿ.

ನಮ್ಮೂರಿನ ಬೆಟ್ಟದ ಮೇಲೆ 58 ಅಡಿಯ ಗೊಮ್ಮಟ ನಿಂತಿದ್ದಾನೆ. ಚಾವುಂಡರಾಯ ನಿಲ್ಲಿಸಿ ಸಾವಿರ ವರ್ಷ ದಾಟಿತು. ಆ ಮೈಯ ಹೊಳಪು ಬಳಿದದ್ದಲ್ಲ, ಕಲ್ಲನ್ನೇ ಉಜ್ಜಿ ಉಜ್ಜಿ ತಂದದ್ದು. ಕಾರನ್ನು ಗೊಮ್ಮಟನಿಗೆ ಹೋಲಿಸ್ತಿಲ್ಲಪ್ಪ, ಹೊಡೆಯೋಕೆ ಬರಬೇಡಿ :) ಉಜ್ಜದೆ ಹೊಳಪಿಲ್ಲ ಅನ್ನೋದು ಈ ಊರಿನವರಿಗೆ ಹೊಸದಾಗಿ ಹೇಳಿಕೊಡಬೇಕಾದ ಪಾಠ ಅಲ್ಲ, ಅಷ್ಟೇ.

ಹಳೇ ಕಾರಿಗೆ ಬಣ್ಣ ಮಾಡಿಸೋರು ಇದ್ದರೆ ಇಷ್ಟು ಪಟ್ಟು ಹಿಡಿಯಿರಿ:

1. ಗಾಜು, ರಬ್ಬರ್, ಲೈಟು, ಹಿಡಿ ಎಲ್ಲ ಬಿಚ್ಚಿಯೇ ಹೊಡೀಬೇಕು. ಟೇಪ್ ಅಂಟಿಸಿ ಹೊಡೆದರೆ ಬಣ್ಣ ಏಳೋದು ಆ ಅಂಚಿನಿಂದಲೇ.

2. ಪುಟ್ಟಿ ಹಾಕೋಕೆ ಮುಂಚೆ ಒಮ್ಮೆ, ಪ್ರೈಮರ್ ಆದ ಮೇಲೆ ಒಮ್ಮೆ ನೀವೇ ಹೋಗಿ ನೋಡಿ, ಫೋಟೋ ತೆಗೆಯಿರಿ. ದುಡ್ಡನ್ನೂ ಹಾಗೇ ಹಂತಹಂತವಾಗಿ ಕೊಡಿ.

3. ಪೇಂಟರಿಗೆ ಸರಿಯಾದ ಮುಖವಾಡ ಇದೆಯಾ ಕೇಳಿ. ಇಲ್ಲದಿದ್ದರೆ ಅದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

4. ಮೂಲ ಬಣ್ಣವನ್ನೇ ಉಳಿಸಿಕೊಳ್ಳಿ. ಬೇರೆ ಬಣ್ಣ ಬೇಕೇ ಬೇಕು ಅಂದರೆ ಆರ್‌ಟಿಒದಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಲೇಬೇಕು.

"ಇಷ್ಟೆಲ್ಲ ಖರ್ಚು ಮಾಡೋ ಬದಲು ಹೊಸ ಕಾರೇ ಬರುತ್ತಲ್ಲ" ಅನ್ನೋರಿಗೆ ಒಂದೇ ಮಾತು. ಹೊಸ ಕಾರು ಬರುತ್ತೆ ಸ್ವಾಮಿ, ಡಾಲ್ಫಿನ್ ಬರಲ್ಲ. ಬೆಂಗಳೂರಿನ ಹಳೇ ಥಿಯೇಟರು, ಹಳೇ ಹೋಟೆಲು ಹೋಯ್ತು ಅಂತ ನಾವೆಲ್ಲ ಪುಟಗಟ್ಟಲೆ ಕಣ್ಣೀರು ಹಾಕ್ತೀವಿ. ಅದೇ ಬೆಂಗಳೂರಿನಲ್ಲಿ ಹುಟ್ಟಿದ ಕಾರು ಕೊಟ್ಟಿಗೆಯಲ್ಲಿ ಕೋಳಿ ಗೂಡಾದರೆ ಒಂದು ಸಾಲೂ ಬರೆಯಲ್ಲ. ತುಕ್ಕು ಹಿಡಿಯದ ಮೈ ಅದು. ಹಾಳಾಗ್ತಿರೋದು ನಮ್ಮ ಅವಸರದಿಂದ ಮಾತ್ರ.

ಮಾವನ ಕಾರಿನ ಬಣ್ಣ ಈಗ ಪೂರ್ತಿ ಕೆರೆದು ತೆಗೀತಿದ್ದಾರೆ. ಈ ಸಲ ಹಿಡಿದಿರೋ ಪೇಂಟರು ಯಾವಾಗ ಮುಗಿಯುತ್ತೆ ಅಂತ ದಿನಾಂಕವನ್ನೇ ಹೇಳಿಲ್ಲ. ನನಗೆ ನಂಬಿಕೆ ಬಂದದ್ದೇ ಅದಕ್ಕೆ.