ಇಳಿದ ವಾಹನಕ್ಕೂ ಬಾಡಿಗೆ

"ಇದು ಸಾಲವಲ್ಲ ಉಸ್ತಾದ್, ಬಾಡಿಗೆ. ಇದರಲ್ಲಿ ಬಡ್ಡಿಯ ಪ್ರಶ್ನೆಯೇ ಬರುವುದಿಲ್ಲ." ಜುಮಾ ನಮಾಝ್‌ನ ಬಳಿಕ ಮಸೀದಿಯ ಅಂಗಳದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ ಮಾತಿದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆತ ಬ್ಯಾಂಕ್ ಸಾಲದ ಬಡ್ಡಿಗೆ ಅಂಜಿ, 48 ತಿಂಗಳ ಲೀಸ್ ಕರಾರಿನಲ್ಲಿ ಐದು ಆಸನಗಳ ಕಾರೊಂದನ್ನು ಪಡೆದಿದ್ದ. ಇಪ್ಪತ್ತು ತಿಂಗಳು ಕಳೆದಿವೆ. ಈಗ ಅದನ್ನು ಮರಳಿಸಿ ಏಳು ಆಸನಗಳ ದೊಡ್ಡ ವಾಹನ ತರುವ ಸಂಭ್ರಮ. ಹಳೆಯ ಲೆಕ್ಕವನ್ನು ತಾವೇ ಚುಕ್ತಾ ಮಾಡುವುದಾಗಿಯೂ ತಿಂಗಳ ಕಂತು ಸ್ವಲ್ಪ ಮಾತ್ರ ಏರುವುದಾಗಿಯೂ ಮಾರಾಟಗಾರರು ಭರವಸೆ ಕೊಟ್ಟಿದ್ದರಂತೆ. ಆತ ನಮ್ಮಿಂದ ದುಆ ಕೇಳಿದ. ನಾವು ಕರಾರಿನ ಕಾಗದ ಕೇಳಿದೆವು.

ಬಾಡಿಗೆಯ ವ್ಯವಹಾರವನ್ನು ಇಸ್ಲಾಮ್ ಧರ್ಮಸಮ್ಮತವೆಂದೇ ಪರಿಗಣಿಸಿದೆ. ನಮ್ಮ ವಿದ್ವಾಂಸರು ಇದನ್ನು ಇಜಾರಾ ಎಂದು ಕರೆದು, ಅದರ ನಿಯಮಗಳನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾರೆ. ವಸ್ತು ಮಾಲೀಕನದು, ಉಪಯೋಗ ಬಾಡಿಗೆದಾರನದು, ಬಾಡಿಗೆಯೆಂಬುದು ಆ ಉಪಯೋಗದ ಬೆಲೆ. ಒಡೆತನಕ್ಕೆ ತಲುಪುವ ಲೀಸ್‌ನ ಬಗ್ಗೆ 2000ರಲ್ಲಿ ರಿಯಾದ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ, ಬಾಡಿಗೆಯು ನಿಜವಾದ ಬಾಡಿಗೆಯಾಗಿರಬೇಕು, ಮಾರಾಟಕ್ಕೆ ಹೊದಿಸಿದ ಮುಸುಕಾಗಬಾರದು ಎಂದು ಸ್ಪಷ್ಟಪಡಿಸಿತು. ಆದ್ದರಿಂದ ಲೀಸ್ ಎಂಬ ಪದವನ್ನು ಕೇಳಿದೊಡನೆ ಹರಾಮ್ ಎನ್ನುವವರ ಜೊತೆ ನಾವಿಲ್ಲ. ನಮ್ಮ ತಕರಾರು ಇರುವುದು ಅದನ್ನು ಅರ್ಧದಲ್ಲಿ ಮುರಿಯುವ ಹೊಸ ಚಟದ ಬಗ್ಗೆ.

ಲೆಕ್ಕವನ್ನೊಮ್ಮೆ ನೋಡೋಣ. ತಿಂಗಳಿಗೆ 22,000 ರೂಪಾಯಿ ಬಾಡಿಗೆ ಎಂದುಕೊಳ್ಳಿ. ಇಪ್ಪತ್ತು ತಿಂಗಳು ಕಳೆದರೆ ಉಳಿಯುವುದು 28. ಕರಾರು ಮುರಿಯಲು ಕಂಪನಿಯು ಉಳಿದ ಬಾಡಿಗೆ, ಅವಧಿಯ ಕೊನೆಗೆ ನಿಗದಿಪಡಿಸಿದ ವಾಹನದ ಬೆಲೆ ಹಾಗೂ ಅವಧಿಪೂರ್ವ ಮುಕ್ತಾಯದ ಶುಲ್ಕವನ್ನು ಕೂಡಿಸಿ, ರಿಯಾಯಿತಿ ಕಳೆದು 6,80,000 ಕೇಳುತ್ತದೆ ಎಂದಿಟ್ಟುಕೊಳ್ಳೋಣ. ಮಾರುಕಟ್ಟೆಯಲ್ಲಿ ಆ ಕಾರಿಗೆ ಸಿಗುವುದು 5,60,000. ಉಳಿದ 1,20,000 ಎಲ್ಲಿಗೆ ಹೋಗುತ್ತದೆ? ಮಾರಾಟಗಾರರು ಅದನ್ನು ದಾನ ಮಾಡುವುದಿಲ್ಲ. ಹೊಸ ವಾಹನದ 48 ಕಂತುಗಳೊಳಗೆ ತಿಂಗಳಿಗೆ 2,500ರಂತೆ ಹುದುಗಿಸುತ್ತಾರೆ. ಅದರ ಮೇಲಿನ ಹಣಕಾಸು ವೆಚ್ಚ ಬೇರೆ, ಬಾಡಿಗೆಯ ಮೇಲಿನ ಜಿಎಸ್‌ಟಿ ಬೇರೆ. ದೊಡ್ಡ ವಾಹನವು ಕುಡಿಯುವ ಇಂಧನ, ವಿಮೆ, ಟೈರುಗಳ ಖರ್ಚನ್ನು ನಾವಿಲ್ಲಿ ಸೇರಿಸಿಯೇ ಇಲ್ಲ.

ಇಲ್ಲಿಯೇ "ಬಡ್ಡಿಯಲ್ಲ, ಬಾಡಿಗೆ" ಎಂಬ ಸಮರ್ಥನೆ ಕುಸಿದು ಬೀಳುತ್ತದೆ. ಬಾಡಿಗೆಯು ಉಪಯೋಗದ ಬೆಲೆಯಾದರೆ, ಇಳಿದು ಹೋದ ವಾಹನಕ್ಕೆ ಮುಂದಿನ ನಾಲ್ಕು ವರ್ಷ ನಾವು ತೆರುವುದು ಯಾವುದರ ಬೆಲೆ? ಅದು ಅಪ್ಪಟ ಸಾಲ. ಹಳೆಯ ಸಾಲವನ್ನು ತೀರಿಸಲಾಗದೆ, ಅದಕ್ಕೆ ಇನ್ನಷ್ಟು ಸೇರಿಸಿ ಅವಧಿಯನ್ನು ಹಿಗ್ಗಿಸಿಕೊಳ್ಳುವ ಪದ್ಧತಿ ಅಜ್ಞಾನ ಕಾಲದ ಅರಬರಲ್ಲಿಯೂ ಇತ್ತು. ಎರಡೂ ಒಂದೇ ಎಂದು ಫತ್ವಾ ನೀಡಲು ನಾವು ಕುಳಿತಿಲ್ಲ. ಆದರೆ ಯಾವ ಬಾಗಿಲನ್ನು ಮುಚ್ಚಿದೆವೆಂದು ನೆಮ್ಮದಿಯಿಂದಿದ್ದೆವೋ ಅದರ ಕಿಟಕಿ ತೆರೆದಿರುವುದು ಕಾಣುತ್ತಿಲ್ಲವೇ? ಇದನ್ನು 'ಎಕ್ಸ್‌ಚೇಂಜ್' ಎಂದು ಕರೆಯುವುದೂ ಆತ್ಮವಂಚನೆಯೇ. ಲೀಸ್‌ನ ವಾಹನ ನಮ್ಮದಲ್ಲ. ನಮ್ಮದಲ್ಲದ್ದನ್ನು ನಾವು ವಿನಿಮಯಕ್ಕೆ ಕೊಡುವುದಾದರೂ ಹೇಗೆ?

"ಕುಟುಂಬ ಬೆಳೆದಿದೆ, ಉಮ್ಮ ನಮ್ಮೊಂದಿಗೇ ಇರಲು ಬರುತ್ತಿದ್ದಾರೆ" ಎಂಬುದು ಆತನ ಕಾರಣ. ತಾಯಿಯ ಸೇವೆಗಾಗಿ ವಾಹನ ಬಯಸುವ ಮಗನನ್ನು ನಾವು ಹಳಿಯಲಾರೆವು. ಅದು ನಿಜವಾದ ಅಗತ್ಯ. ಆದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಸೇರಿದರೆ ಐದು ಜನ. ಇರುವ ಆಸನಗಳೂ ಐದು. ಏಳು ಆಸನಗಳು ತುಂಬುವುದು ಹಬ್ಬಕ್ಕೆ ಊರಿಗೆ ಹೋಗುವಾಗ ಮತ್ತು ಮದುವೆಗಳಿಗೆ. ಆ ನಾಲ್ಕಾರು ದಿನಗಳಿಗೆ ದೊಡ್ಡ ವಾಹನವೊಂದನ್ನು ದಿನಬಾಡಿಗೆಗೆ ಪಡೆದರೆ ಸಾಕು. ಹಾಗಾದರೆ ಉಳಿದ ದಿನಗಳಲ್ಲಿ ಆ ಖಾಲಿ ಆಸನಗಳು ಯಾರಿಗಾಗಿ? ಮದುವೆ ಹಾಲ್‌ನ ಮುಂದೆ ನಿಂತು ನೋಡುವವರಿಗಾಗಿ ಎಂಬ ಉತ್ತರವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಹೆಚ್ಚಳದ ಪೈಪೋಟಿಯು ಮನುಷ್ಯನನ್ನು ಗೋರಿಯ ತನಕ ಮೈಮರೆಸುತ್ತದೆಂದು ಎಚ್ಚರಿಸುವ ತಕಾಸುರ್ ಅಧ್ಯಾಯವನ್ನು ನಮಾಝ್‌ನಲ್ಲಿ ಓದುವವರೂ ನಾವೇ.

ಬಾಡಿಗೆಗೆ ಕುರ್‌ಆನ್‌ನಿಂದ ಪುರಾವೆ ಕೇಳುವವರಿಗೆ ನಾವು ಮೂಸಾ(ಅ)ರವರ ಚರಿತ್ರೆಯನ್ನು ತೋರಿಸುತ್ತೇವೆ. ಮದ್‌ಯನ್‌ನಲ್ಲಿ ಅವರು ಎಂಟು ವರ್ಷಗಳ ದುಡಿಮೆಗೆ ಒಪ್ಪಿದರು. ಹತ್ತನ್ನು ಪೂರ್ಣಗೊಳಿಸುವುದು ಅವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಅವರು ದೀರ್ಘ ಅವಧಿಯನ್ನೇ ಪೂರೈಸಿದರೆಂದು ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ಇಜಾರಾ ಅನುಮತಿಸಲ್ಪಟ್ಟಿದೆ ಎಂಬ ಅರ್ಧ ಪಾಠವನ್ನು ಹಿಡಿದುಕೊಂಡು, ಒಪ್ಪಿದ ಅವಧಿಯನ್ನು ಪೂರೈಸಬೇಕೆಂಬ ಉಳಿದರ್ಧವನ್ನು ಕೈಬಿಟ್ಟದ್ದು ನಮ್ಮ ದೌರ್ಬಲ್ಯ.

ಸಾಲದ ಗಾಂಭೀರ್ಯವೂ ನಮ್ಮಿಂದ ಮರೆಯಾಗಿದೆ. ಮೂರು ದೀನಾರ್ ಸಾಲವನ್ನು ಬಿಟ್ಟು ಮೃತರಾದ ವ್ಯಕ್ತಿಯೊಬ್ಬರ ಜನಾಝ ನಮಾಝ್‌ಗೆ ಪ್ರವಾದಿ(ಸ)ರವರು ಮುಂದಾಗಲಿಲ್ಲ. ಆ ಸಾಲದ ಹೊಣೆಯನ್ನು ಅಬೂ ಖತಾದಾ(ರ) ಹೊತ್ತ ಮೇಲಷ್ಟೇ ನಮಾಝ್ ನಿರ್ವಹಿಸಿದರು. ನಾವಾದರೋ ಮೂರು ದೀನಾರನ್ನಲ್ಲ, ಎಷ್ಟೆಂದೇ ಗೊತ್ತಿಲ್ಲದ ಮೊತ್ತವನ್ನು ಕಂತಿನೊಳಗೆ ಅಡಗಿಸಿ ನಿಶ್ಚಿಂತೆಯಿಂದ ಮಲಗುತ್ತೇವೆ. ಸಾಲವನ್ನು ಬರೆದಿಡಬೇಕೆಂದು ಬಕರಾ ಅಧ್ಯಾಯದ 282ನೇ ವಚನವು ಆಜ್ಞಾಪಿಸುತ್ತದೆ. ಇಲ್ಲಿ ಸಾಲವನ್ನು ಅಳಿಸಿದಂತೆ ತೋರಿಸಿ ಬರೆಯಲಾಗುತ್ತದೆ.

ಆದ್ದರಿಂದ ಸಹೋದರರೇ, ಸಹಿ ಹಾಕುವ ಮುನ್ನ ಮೂರು ಅಂಕಿಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ: ಹಳೆಯ ಕರಾರು ಮುಗಿಸಲು ಬೇಕಾದ ಒಟ್ಟು ಮೊತ್ತ, ಹಳೆಯ ವಾಹನಕ್ಕೆ ಕಟ್ಟಿದ ಬೆಲೆ, ಹೊಸ ಕಂತಿನಲ್ಲಿ ಸೇರಿರುವ ಹಳೆಯ ಬಾಕಿ. ದೊಡ್ಡ ವಾಹನ ನಿಜಕ್ಕೂ ಅನಿವಾರ್ಯವಾದರೆ ಆ ಬಾಕಿಯನ್ನು ಉಳಿತಾಯದಿಂದ ಬೇರೆಯಾಗಿಯೇ ತೀರಿಸಿ, ನಂತರ ಹೊಸ ಕರಾರಿಗೆ ಕೈ ಹಾಕಿ. ತೀರಿಸುವ ಶಕ್ತಿ ಇಲ್ಲವಾದರೆ ಹೊಸದನ್ನು ಹೊರುವ ಶಕ್ತಿಯೂ ಇಲ್ಲವೆಂದೇ ಅರ್ಥ. ಆಗ ಅವಧಿ ಮುಗಿಯುವ ತನಕ ಕಾಯಿರಿ.

ನಮ್ಮ ವಿದ್ಯಾರ್ಥಿ ಮುಂದಿನ ಶುಕ್ರವಾರ ಮೂರು ಅಂಕಿಗಳೊಂದಿಗೆ ಬಂದ. ಮೂರನೆಯದನ್ನು ಬರೆದುಕೊಡಲು ಮಾರಾಟಗಾರರು ಬಹಳ ಹಿಂಜರಿದರಂತೆ. ಆತ ಹಳೆಯ ಕಾರಿನಲ್ಲಿಯೇ ಉಮ್ಮನನ್ನು ಮನೆಗೆ ಕರೆತಂದಿದ್ದಾನೆ. ಅವರು ಮುಂದಿನ ಆಸನದಲ್ಲಿ ಕುಳಿತು ಬಂದರಂತೆ. ಅಲ್ಲಾಹನು ನಮ್ಮೆಲ್ಲರನ್ನೂ ಸಾಲದ ಭಾರದಿಂದ ರಕ್ಷಿಸಲಿ, ಇರುವುದರಲ್ಲಿ ತೃಪ್ತಿಯನ್ನು ಕರುಣಿಸಲಿ. ಆಮೀನ್.