ನಾಲ್ಕು ಅಕ್ಷರ ಆರಿಸುವ ಮುನ್ನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದ ನಮ್ಮ ಊರುಗಳಲ್ಲಿ ಎರಡೇ ಪ್ರಶ್ನೆ. ‘ಎಷ್ಟು ಪರ್ಸೆಂಟ್?’ ಮತ್ತು ‘ಮುಂದೆ ಏನ್ ತಗೋತೀಯ?’ ಮೊದಲನೆಯದಕ್ಕೆ ಉತ್ತರ ಮೊಬೈಲಿನಲ್ಲೇ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕಲು ಇರುವುದು ಕೆಲವೇ ದಿನ. ಅಷ್ಟರೊಳಗೆ ಅಪ್ಪ, ಅಮ್ಮ, ಸೋದರಮಾವ, ಬೀದಿಯ ಕೊನೆಯ ಮನೆಯ ಸಾಫ್ಟ್‌ವೇರ್ ಅಣ್ಣ ಎಲ್ಲರೂ ಸೇರಿ ನಾಲ್ಕು ಅಕ್ಷರಗಳನ್ನು ತೀರ್ಮಾನಿಸಿಬಿಡುತ್ತಾರೆ. ಪಿಸಿಎಂಬಿ, ಪಿಸಿಎಂಸಿ, ಸಿಇಬಿಎ, ಎಚ್‌ಇಪಿಎಸ್. ಹದಿನೈದು, ಹದಿನಾರು ವರ್ಷದ ಹುಡುಗಿ ಅಥವಾ ಹುಡುಗ ಆ ಅರ್ಜಿಯ ಮೇಲೆ ಸಹಿ ಹಾಕಿದ ಕ್ಷಣ ಕೆಲವು ಬಾಗಿಲು ತೆರೆಯುತ್ತವೆ, ಕೆಲವು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ. ತೆರೆದ ಬಾಗಿಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಮುಚ್ಚಿದ್ದರ ಬಗ್ಗೆ ಗೊತ್ತಾಗುವುದು ಎರಡು ವರ್ಷದ ನಂತರ, ಪ್ರವೇಶದ ಅರ್ಜಿ ತುಂಬುವಾಗ.

ಈ ವಿಚಾರ ಈಗ ಮಾತಾಡಲು ಕಾರಣವಿದೆ. 2025–26ನೇ ಸಾಲಿನಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಉತ್ತೀರ್ಣತೆಗೆ ಬೇಕಾದ ಅಂಕ ಶೇ 35ರಿಂದ ಶೇ 33ಕ್ಕೆ ಇಳಿದಿದೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 206, ಪಿಯುಸಿಯಲ್ಲಿ 600ಕ್ಕೆ 198 ಬಂದರೆ, ಪ್ರತಿ ವಿಷಯದಲ್ಲೂ ಕನಿಷ್ಠ 30 ಇದ್ದರೆ ಪಾಸ್. ಒಂದೆರಡು ಅಂಕದಲ್ಲಿ ಫೇಲಾಗಿ ಓದು ಬಿಟ್ಟವರನ್ನು ನಮ್ಮ ಹಳ್ಳಿಗಳಲ್ಲಿ ನೋಡಿರುವವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಇದರ ಜೊತೆಗೆ ಇನ್ನೊಂದು ಸಂಖ್ಯೆಯನ್ನು ಯಾರೂ ಹೇಳುತ್ತಿಲ್ಲ. ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರಲು ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ 45, ಅಂದರೆ 300ಕ್ಕೆ 135 ಅಂಕ ಬೇಕು. ಮೀಸಲು ವರ್ಗದವರಿಗೆ ಶೇ 40, ಅಂದರೆ 120. ಪಾಸಾಗುವುದೇ ಬೇರೆ, ಅರ್ಹರಾಗುವುದೇ ಬೇರೆ. ಪಾಸ್ ಗೆರೆ ಕೆಳಗಿಳಿದಿದೆ, ಅರ್ಹತೆಯ ಗೆರೆ ಇದ್ದಲ್ಲೇ ಇದೆ. ಇವೆರಡರ ನಡುವಿನ ಜಾಗದಲ್ಲಿ ಸಿಕ್ಕಿಬೀಳುವ ವಿದ್ಯಾರ್ಥಿಗಳ ಕೈಯಲ್ಲಿ ಅಂಕಪಟ್ಟಿ ಇರುತ್ತದೆ, ದಾರಿ ಇರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ನನಗೆ ಅನ್ನಿಸುವುದು ಇಷ್ಟೇ: ಕಾಂಬಿನೇಷನ್ ಅನ್ನು ಅಂಕದಿಂದ ಮುಂದಕ್ಕೆ ಲೆಕ್ಕ ಹಾಕಬಾರದು, ಅರ್ಹತೆಯ ನಿಯಮದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ‘ನನಗೆ ಶೇ 85 ಬಂದಿದೆ, ಆದ್ದರಿಂದ ಸೈನ್ಸ್’ ಎನ್ನುವುದು ಮೊದಲ ಬಗೆ. ‘ನಾನು ಸೇರಬಹುದಾದ ಮೂರು ಕೋರ್ಸ್ ಯಾವುವು, ಅವಕ್ಕೆ ಯಾವ ವಿಷಯ ಕಡ್ಡಾಯ, ಆ ವಿಷಯ ಯಾವ ಕಾಲೇಜಿನಲ್ಲಿದೆ’ ಎನ್ನುವುದು ಎರಡನೆಯ ಬಗೆ. ಈ ಲೆಕ್ಕ ಫಲಿತಾಂಶದ ವಾರದಲ್ಲಿ ಮುಗಿಯುವಂಥದ್ದಲ್ಲ. ಒಂಬತ್ತನೇ ತರಗತಿಯಲ್ಲೇ ಶುರುವಾಗಬೇಕು.

ಯಾವ ಅಕ್ಷರ ಯಾವ ಬಾಗಿಲು?

ನಮ್ಮಲ್ಲಿ ಹರಿದಾಡುವ ಮೊದಲ ತಪ್ಪು ನಂಬಿಕೆ: ಕಂಪ್ಯೂಟರ್ ಸೈನ್ಸ್ ಬಿಇ ಓದಬೇಕಾದರೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಇರಲೇಬೇಕು. ಇಲ್ಲ. ಎಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕ್ ಲೆಕ್ಕಕ್ಕೆ ಬರುವುದು ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಮಾತ್ರ. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಸೀಟು ಪಡೆಯುತ್ತಾರೆ. ನನ್ನ ತರಗತಿಯಲ್ಲೇ ಜೀವವಿಜ್ಞಾನ ಓದಿ ಬಂದವರು ಇದ್ದಾರೆ, ಕೋಡಿಂಗ್‌ನಲ್ಲಿ ಯಾರಿಗೂ ಕಡಿಮೆ ಇಲ್ಲ.

ಎರಡನೆಯದು: ಪಿಸಿಎಂಬಿ ಎಂದರೆ ಡಾಕ್ಟರ್ ಆಗುವವರಿಗೆ ಮಾತ್ರ. ಇದೂ ತಪ್ಪು. ನೀಟ್‌ಗೆ ಜೀವವಿಜ್ಞಾನ ಬೇಕು ನಿಜ. ಆದರೆ ಬಿಎಸ್ಸಿ ಕೃಷಿ, ತೋಟಗಾರಿಕೆ, ಪಶುವೈದ್ಯಕೀಯಕ್ಕೂ ಅದೇ ಬೇಕು. ರಾಮನಗರದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಏಷ್ಯಾದ ಅತಿ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಎಂದು ಹೆಸರಾದದ್ದು ನಮ್ಮ ಊರಿನದು. ಕನಕಪುರ, ಚನ್ನಪಟ್ಟಣದ ಎಷ್ಟೋ ಮನೆಗಳು ಹಿಪ್ಪುನೇರಳೆ ಮತ್ತು ಹುಳು ಸಾಕಣೆಯ ಮೇಲೆ ನಿಂತಿವೆ. ರೇಷ್ಮೆ ಕೃಷಿಯಲ್ಲೇ ಬಿಎಸ್ಸಿ ಪದವಿ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕಾಲೇಜು ಚಿಂತಾಮಣಿಯಲ್ಲಿದೆ. ಕೃಷಿ ಕೋರ್ಸ್‌ಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಸೊಪ್ಪು ಕೊಯ್ದು, ಚಂದ್ರಿಕೆ ತಿರುವಿ ಬೆಳೆದ ಹುಡುಗನಿಗೆ ಆ ಪರೀಕ್ಷೆ ಯಾವ ಕೋಚಿಂಗ್ ಕ್ಲಾಸಿಗಿಂತ ಹತ್ತಿರದ್ದು. ಆದರೆ ಅವನು ‘ಎಲ್ಲರೂ ತಗೋತಾರೆ’ ಎಂದು ಪಿಸಿಎಂಸಿ ತೆಗೆದುಕೊಂಡಿದ್ದರೆ ಆ ಬಾಗಿಲು ಮುಚ್ಚಿತು.

ಮೂರನೆಯದು: ಕಾಮರ್ಸ್‌ಗೆ ಗಣಿತ ಬೇಡ. ಬಿಕಾಂಗೆ ಬೇಡದೆ ಇರಬಹುದು. ಸಿಎ ಫೌಂಡೇಷನ್ ಪರೀಕ್ಷೆಯಲ್ಲಿ ವ್ಯವಹಾರ ಗಣಿತ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆಯೇ ಇದೆ. ಎಚ್‌ಇಬಿಎ ಓದಿದವರೂ ಅದನ್ನು ಪಾಸು ಮಾಡಬಹುದು, ಆದರೆ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಓದಿದವರಿಗೆ ಅರ್ಧ ದಾರಿ ಮೊದಲೇ ಸವೆದಿರುತ್ತದೆ. ಇನ್ನು ಕಲಾ ವಿಭಾಗವನ್ನು ಕಡಿಮೆ ಅಂಕದವರ ಕೊಠಡಿ ಎಂದು ನೋಡುವ ಚಟ ಬಿಡಬೇಕು. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದವರೂ ಸೇರಬಹುದು. ಕೆಎಎಸ್, ಐಎಎಸ್ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು.

ಒಂದು ಮಾತು ಮಾತ್ರ ನೆನಪಿರಲಿ. ಈ ರಸ್ತೆ ಒನ್ ವೇ. ಸೈನ್ಸ್ ಓದಿದವರು ಪಿಯುಸಿ ನಂತರ ಬಿಎ, ಬಿಕಾಂ, ಕಾನೂನಿಗೆ ತಿರುಗಬಹುದು. ಕಲಾ ವಿಭಾಗದಿಂದ ಬಿಇಗೆ ತಿರುಗಲಾಗದು. ಹಾಗೆಂದು ಎಲ್ಲರೂ ಸೈನ್ಸ್ ತೆಗೆದುಕೊಳ್ಳಿ ಎಂದಲ್ಲ. ಇಷ್ಟವಿಲ್ಲದ ಸೈನ್ಸ್‌ನಲ್ಲಿ ಶೇ 40 ಪಡೆಯುವುದಕ್ಕಿಂತ ಇಷ್ಟದ ಕಾಮರ್ಸ್‌ನಲ್ಲಿ ಶೇ 85 ಪಡೆಯುವುದು ಹೆಚ್ಚು ಬಾಗಿಲು ತೆರೆಯುತ್ತದೆ.

ಬೋರ್ಡ್ ಪರೀಕ್ಷೆಯೂ ಪ್ರವೇಶ ಪರೀಕ್ಷೆಯೇ

‘ಬೋರ್ಡ್ ಎಕ್ಸಾಂ ಪಾಸಾದ್ರೆ ಸಾಕು, ಸಿಇಟಿ ಮೇಲೆ ಗಮನ ಕೊಡು’ ಎಂಬ ಸಲಹೆ ಪಿಯುಸಿ ವಿದ್ಯಾರ್ಥಿಗಳ ಕಿವಿಗೆ ಪದೇ ಪದೇ ಬೀಳುತ್ತದೆ. ಎಂಜಿನಿಯರಿಂಗ್ ಮಟ್ಟಿಗೆ ಇದು ಅಪಾಯದ ಸಲಹೆ. ಸಿಇಟಿ ರ‍್ಯಾಂಕ್ ನಿರ್ಧಾರವಾಗುವುದು ಅರ್ಧ ಪಿಯುಸಿ ಅಂಕದಿಂದ, ಅರ್ಧ ಸಿಇಟಿ ಅಂಕದಿಂದ. ಲೆಕ್ಕ ನೋಡಿ. ಒಬ್ಬಳಿಗೆ ಪಿಸಿಎಂನಲ್ಲಿ 300ಕ್ಕೆ 210, ಅಂದರೆ ಶೇ 70. ಸಿಇಟಿಯಲ್ಲಿ 180ಕ್ಕೆ 90, ಅಂದರೆ ಶೇ 50. ಸರಾಸರಿ 60. ಇನ್ನೊಬ್ಬನಿಗೆ ಪಿಸಿಎಂನಲ್ಲಿ 150, ಅಂದರೆ ಶೇ 50. ಸಿಇಟಿಯಲ್ಲಿ 108, ಅಂದರೆ ಶೇ 60. ಸರಾಸರಿ 55. ಸಿಇಟಿಯಲ್ಲಿ 18 ಅಂಕ ಹೆಚ್ಚು ಪಡೆದವನೇ ರ‍್ಯಾಂಕಿನಲ್ಲಿ ಹಿಂದೆ. ದುಬಾರಿ ಕೋಚಿಂಗ್‌ಗೆ ಹಣ ಹೊಂದಿಸಲಾಗದ ಮನೆಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಇಲ್ಲ. ಸರ್ಕಾರಿ ಕಾಲೇಜಿನ ಪಠ್ಯಪುಸ್ತಕವನ್ನು ಚೆನ್ನಾಗಿ ಓದಿದವರಿಗೆ ರ‍್ಯಾಂಕಿನ ಅರ್ಧ ಭಾಗ ಅಲ್ಲೇ ಇದೆ. ಭೌತವಿಜ್ಞಾನ, ರಸಾಯನವಿಜ್ಞಾನದ 100 ಅಂಕದಲ್ಲಿ 30 ಪ್ರಯೋಗಾಲಯದ್ದು ಎಂಬುದೂ ನೆನಪಿರಲಿ. ಜೆಇಇ ಬರೆದು ಎನ್‌ಐಟಿ ಸೇರುವವರಿಗೂ ಬೋರ್ಡ್‌ನಲ್ಲಿ ಶೇ 75 ಅಥವಾ ಬೋರ್ಡ್‌ನ ಅಗ್ರ 20 ಪರ್ಸೆಂಟೈಲ್ ಎಂಬ ಷರತ್ತಿದೆ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿವೆ. ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಇದನ್ನು ಭರವಸೆಯಾಗಿ ಇಟ್ಟುಕೊಳ್ಳಿ, ಯೋಜನೆಯಾಗಿ ಅಲ್ಲ. ಪ್ರವೇಶದ ಕ್ಯಾಲೆಂಡರ್ ನಮ್ಮ ಮುಂದಿನ ಪರೀಕ್ಷೆಗಾಗಿ ಕಾಯುತ್ತಾ ಕೂರುವುದಿಲ್ಲ.

ಪಿಯುಸಿ ಒಂದೇ ದಾರಿಯಲ್ಲ

ಲೆಕ್ಕದ ಇನ್ನೊಂದು ಸಾಲು ಹೇಳುತ್ತೇನೆ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಿದರೆ ಇನ್ನು ಮೂರು ವರ್ಷ, ಒಟ್ಟು ಆರು. ಕಾಲ ಒಂದೇ. ವ್ಯತ್ಯಾಸವೆಂದರೆ ಡಿಪ್ಲೊಮಾ ಓದಿದವರ ಕೈಗೆ ಮೂರನೇ ವರ್ಷಕ್ಕೇ ಕೆಲಸ ಕೊಡಬಲ್ಲ ಒಂದು ಪ್ರಮಾಣಪತ್ರ ಬಂದಿರುತ್ತದೆ. ಮನೆಯಲ್ಲಿ ಕಷ್ಟ ಬಂದರೆ ಅಲ್ಲಿ ನಿಲ್ಲಬಹುದು, ಕೆಲಸ ಮಾಡಬಹುದು, ಮತ್ತೆ ಓದಬಹುದು. ಪಿಯುಸಿ ಮುಗಿಸಿ ನಿಂತವರಿಗೆ ಆ ಅನುಕೂಲ ಕಡಿಮೆ. ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಹಾದಿ ಇದೆ.

ಇವೆಲ್ಲ ದೂರದ ಮಾತಲ್ಲ. ಚನ್ನಪಟ್ಟಣದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಕನಕಪುರದಲ್ಲಿ ಜಿಟಿಟಿಸಿ ಕೇಂದ್ರವಿದೆ, ರಾಮನಗರದಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಅದೇ 2007ರಿಂದ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ತರಬೇತಿ ಕೊಡುತ್ತಿದೆ. ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳು ನಮ್ಮ ಕಣ್ಣೆದುರೇ ಬೆಳೆದಿವೆ. ಅಲ್ಲಿನ ಯಂತ್ರಗಳ ಮುಂದೆ ನಿಲ್ಲಲು ಬೇಕಾದ ಓದು ಯಾವುದು ಎಂದು ಹತ್ತನೇ ತರಗತಿಯ ಎಷ್ಟು ಮಕ್ಕಳಿಗೆ ಹೇಳಲಾಗಿದೆ? ಎಐಸಿಟಿಇ 2024–25ರಿಂದ ಕಾಲೇಜುಗಳಲ್ಲಿ ಶಾಖೆವಾರು ಸೀಟುಗಳ ಮೇಲಿದ್ದ ಮಿತಿಯನ್ನು ತೆಗೆದಿದೆ. ಕಂಪ್ಯೂಟರ್ ಸೈನ್ಸ್ ಸೀಟು ಸಿಗುವುದು ಸುಲಭವಾಗಬಹುದು. ಆದರೆ ಸೀಟು ಹೆಚ್ಚಾದ ಮಾತ್ರಕ್ಕೆ ಕೆಲಸ ಹೆಚ್ಚಾಗುವುದಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಶಾಖೆಗಳನ್ನು ‘ಔಟ್‌ಡೇಟೆಡ್’ ಎಂದು ತಳ್ಳುವ ಮೊದಲು ಹಾರೋಹಳ್ಳಿಯ ಗೇಟುಗಳ ಮುಂದೆ ಅಂಟಿಸಿರುವ ‘ಬೇಕಾಗಿದ್ದಾರೆ’ ಚೀಟಿಗಳನ್ನು ಒಮ್ಮೆ ಓದಿ ಬರುವುದು ಒಳ್ಳೆಯದು.

ಬಸ್ಸೂ ಒಂದು ವಿಷಯ

ಕಾಂಬಿನೇಷನ್ ಬಗ್ಗೆ ಮಾತಾಡುವವರು ಮರೆಯುವ ಇನ್ನೊಂದು ಸಂಗತಿ ದಾರಿ. ರಾಮನಗರ, ಚನ್ನಪಟ್ಟಣಕ್ಕೆ ಬೆಂಗಳೂರು–ಮೈಸೂರು ರೈಲು ಇದೆ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ, ಬಸ್ಸೇ ಗತಿ. ಎಲ್ಲ ಪಿಯು ಕಾಲೇಜಿನಲ್ಲೂ ಎಲ್ಲ ಕಾಂಬಿನೇಷನ್ ಇರುವುದಿಲ್ಲ. ಹೀಗಾಗಿ ಎಷ್ಟೋ ಮಕ್ಕಳ ಭವಿಷ್ಯವನ್ನು ನಿರ್ಧರಿಸುವುದು ಅವರ ಆಸಕ್ತಿಯಲ್ಲ, ಊರಿಗೆ ಬರುವ ಕೊನೆಯ ಬಸ್ಸಿನ ಸಮಯ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಖರ್ಚು ತಪ್ಪಿದೆ. ‘ಅಷ್ಟು ದೂರ ಯಾಕೆ, ಇಲ್ಲೇ ಯಾವುದಾದ್ರೂ ಸೇರ್ಕೊ’ ಎನ್ನುವ ಮನೆಗಳಲ್ಲಿ ವಾದ ಮಾಡಲು ಹುಡುಗಿಯರಿಗೆ ಒಂದು ಮಾತು ಸಿಕ್ಕಿದೆ. ಆದರೆ ಟಿಕೆಟ್ ಉಚಿತವಾದರೆ ಸಾಲದು, ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಬಸ್ಸೂ ಇರಬೇಕು.

ಕಾಗದಪತ್ರವೂ ಅಷ್ಟೇ ಮುಖ್ಯ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ನಮ್ಮ ಐದು ತಾಲ್ಲೂಕುಗಳ ಬಹಳಷ್ಟು ಮಕ್ಕಳಿಗೆ ಇದು ಅನ್ವಯಿಸುತ್ತದೆ. ನಡುವೆ ಶಾಲೆ ಬದಲಿಸಿದ್ದರೆ ಎಲ್ಲ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ಪಿಯುಸಿ ಮೊದಲ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳಿ. ಹಾಗೆಯೇ ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಸೈನ್ಸ್‌ಗೆ ಹೋಗುವವರು ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ರಜೆಯಲ್ಲಿ ಪ್ರಥಮ ಪಿಯುಸಿಯ ಮೊದಲ ನಾಲ್ಕು ಅಧ್ಯಾಯಗಳ ಪಾರಿಭಾಷಿಕ ಪದಗಳನ್ನಾದರೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದುಕೊಳ್ಳಿ. ‘ವೇಗೋತ್ಕರ್ಷ’ ಗೊತ್ತಿರುವ ಹುಡುಗಿಗೆ ‘ಆಕ್ಸಿಲರೇಷನ್’ ಹೊಸ ಪಾಠವಲ್ಲ, ಹೊಸ ಹೆಸರು ಅಷ್ಟೇ. ಇದನ್ನು ಯಾರೂ ಹೇಳದ ಕಾರಣಕ್ಕೆ ಜಾಣ ಮಕ್ಕಳು ಮೊದಲ ಕಿರುಪರೀಕ್ಷೆಯಲ್ಲೇ ತಾವು ದಡ್ಡರೆಂದು ತೀರ್ಮಾನಿಸಿಬಿಡುತ್ತಾರೆ.

ಶಾಲೆಯ ಗೋಡೆಗೆ ಒಂದು ಪಟ್ಟಿ

ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷವನ್ನು ಒಂದೇ ಹಂತವಾಗಿ ನೋಡಬೇಕು ಎಂಬುದು ಅದರ ಶಿಫಾರಸುಗಳಲ್ಲಿ ಒಂದು. ಜಾರಿಯಾಗುವುದು ಯಾವಾಗಲೋ, ಆದರೆ ಆ ದೃಷ್ಟಿ ಸರಿಯಾಗಿದೆ. ಹೈಸ್ಕೂಲು ಮತ್ತು ಪಿಯುಸಿ ನಡುವೆ ನಾವು ಎಬ್ಬಿಸಿರುವ ಗೋಡೆಯಿಂದಾಗಿ ಹೈಸ್ಕೂಲಿನ ಮೇಷ್ಟ್ರು ಮುಂದಿನದನ್ನು ಹೇಳುವುದಿಲ್ಲ, ಪಿಯು ಉಪನ್ಯಾಸಕರು ಸಿಗುವ ಹೊತ್ತಿಗೆ ಆಯ್ಕೆ ಮುಗಿದಿರುತ್ತದೆ.

ಆಯೋಗದ ವರದಿಗಾಗಿ ಕಾಯದೆ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಗೋಡೆಗೆ ಒಂದು ದೊಡ್ಡ ಪಟ್ಟಿ. ಎಡಗಡೆ ಕೋರ್ಸ್‌ಗಳು, ಮಧ್ಯೆ ಕಡ್ಡಾಯ ವಿಷಯಗಳು ಮತ್ತು ಕನಿಷ್ಠ ಅಂಕ, ಬಲಗಡೆ ಆ ವಿಷಯಗಳಿರುವ ತಾಲ್ಲೂಕಿನ ಕಾಲೇಜುಗಳು, ಅಲ್ಲಿಗೆ ಹೋಗುವ ಬಸ್ಸು. ಇದಕ್ಕೆ ಬಜೆಟ್ ಬೇಡ, ಒಂದು ಚಾರ್ಟ್ ಶೀಟ್ ಮತ್ತು ಒಂದು ಮಧ್ಯಾಹ್ನ ಸಾಕು. ಕಾಲೇಜಿನಲ್ಲಿ ಓದುತ್ತಿರುವ ನಾವೇ ರಜೆಗೆ ಊರಿಗೆ ಬಂದಾಗ ನಾವು ಓದಿದ ಶಾಲೆಗೆ ಹೋಗಿ ಬರೆದುಕೊಡಬಹುದು. ಮುಖ್ಯ ಶಿಕ್ಷಕರು ಬೇಡ ಎನ್ನಲಾರರು.

2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂತು. ಹೆಸರಿನಲ್ಲಿ ಬೆಂಗಳೂರು ಹತ್ತಿರವಾಗಿದೆ. ಮಾಗಡಿಯ ಹಳ್ಳಿಯೊಂದರ ಒಂಬತ್ತನೇ ತರಗತಿಯ ಹುಡುಗಿಗೆ ಬೆಂಗಳೂರಿನ ಹುಡುಗಿಗೆ ಸಿಗುವಷ್ಟೇ ಮಾಹಿತಿ, ಅಷ್ಟೇ ಬೇಗ ಸಿಕ್ಕ ದಿನ ಆ ಹೆಸರಿಗೆ ಅರ್ಥ ಬರುತ್ತದೆ. ಈ ಬಾರಿ ಎಸ್ಸೆಸ್ಸೆಲ್ಸಿ ಬರೆಯುವ ತಮ್ಮ, ತಂಗಿ ನಿಮ್ಮ ಮನೆಯಲ್ಲಿದ್ದರೆ ‘ಎಷ್ಟು ಬರುತ್ತೆ?’ ಎಂದು ಕೇಳಬೇಡಿ. ‘ಯಾವ ಮೂರು ಕೋರ್ಸ್ ಯೋಚಿಸಿದ್ದೀಯ?’ ಎಂದು ಇವತ್ತೇ ಕೇಳಿ.